ಓದುಗರ ಓಲೆ: ಎಣಿಸುವುದೋ, ತೂಗುವುದೋ?

ಪತ್ರಿಕೆ ನಡೆಸುವವರು ವರ್ಷಕ್ಕೊಮ್ಮೆಯಾದರೂ ‘ನಿಮ್ಮ ಅಭಿಪ್ರಾಯ ಬರೆದು ತಿಳಿಸಿ’ ಎಂದು ಕೇಳಿಕೊಳ್ಳುತ್ತಾರೆ. ಓದುಗರಾದ ನಾವು ಆ ಸಾಲನ್ನು ಓದಿ ಪುಟ ತಿರುವುತ್ತೇವೆ. ಬರೆಯುವವರು ಹೆಚ್ಚಾಗಿ ಎರಡೇ ಬಗೆಯವರು: ಸಿಟ್ಟು ಬಂದವರು, ಮತ್ತು ತಮ್ಮ ಹೆಸರನ್ನು ಅಚ್ಚಿನಲ್ಲಿ ಕಾಣಬಯಸುವವರು. ಹೀಗೆ ಬಂದ ನಾಲ್ಕಾರು ಓಲೆಗಳನ್ನು ಮುಂದಿಟ್ಟುಕೊಂಡು ಸಂಪಾದಕನಾದವನು ಏನು ಮಾಡಬೇಕು? ಯಾವ ಪಕ್ಷಕ್ಕೆ ಹೆಚ್ಚು ಓಲೆ ಎಂದು ಎಣಿಸಬೇಕೋ, ಯಾವ ಮಾತಿಗೆ ಎಷ್ಟು ತೂಕ ಎಂದು ನೋಡಬೇಕೋ? ಮನೆಯಲ್ಲೇ ಚಲನಚಿತ್ರ ತೆಗೆಯುವ ಹವ್ಯಾಸಿಗಳಿಗೆಂದು ಪಶ್ಚಿಮ ದೇಶಗಳಲ್ಲಿ ಹೊರಟ ಪತ್ರಿಕೆಗಳನ್ನು ನೋಡಿದರೆ ಈ ಪ್ರಶ್ನೆ ಬರಿಯ ಕಚೇರಿಯ ಪ್ರಶ್ನೆಯಲ್ಲ, ನ್ಯಾಯದ ಪ್ರಶ್ನೆ ಎಂದು ತೋರುತ್ತದೆ.

ಚಿತ್ರಮಂದಿರದ 35 ಮಿಲಿಮೀಟರ್ ಫಿಲ್ಮು ಸಂಸಾರಸ್ಥರಿಗೆ ಎಟುಕುವಂಥದಲ್ಲ. ಆದುದರಿಂದ 1922ರಲ್ಲಿ ಫ್ರಾನ್ಸಿನ ಪಾತೆ ಕಂಪನಿ 9.5 ಮಿಲಿಮೀಟರಿನ ಕಿರು ಫಿಲ್ಮನ್ನೂ, ಮರುವರ್ಷ ಅಮೆರಿಕದ ಕೊಡಾಕ್ 16 ಮಿಲಿಮೀಟರಿನದನ್ನೂ ಹೊರತಂದವು. 1932ರಲ್ಲಿ ಇನ್ನೂ ಅಗ್ಗದ 8 ಮಿಲಿಮೀಟರ್ ಬಂತು. 1965ರಲ್ಲಿ ಸೂಪರ್ 8.

ಈ ಹವ್ಯಾಸಿಯ ಪಾಡು ನೋಡಿ. ಖರ್ಚು ಅವನದೇ, ಶ್ರಮವೂ ಅವನದೇ. ತೊಳೆದು ಬಂದ ಸುರುಳಿಯನ್ನು ದೀಪ ಆರಿಸಿ ತೋರಿಸಿದರೆ ನೋಡುವವರು ಮನೆಯವರು, ನೆರೆಯವರು. ಕಾಫಿ ಕುಡಿದು ಕೂತವರು ‘ಬಹಳ ಚೆನ್ನಾಗಿದೆ’ ಎನ್ನದೆ ಮತ್ತೇನು ಹೇಳಿಯಾರು? ನಾವೂ ಪರರ ಪ್ರವಾಸದ ಫೋಟೋಗಳ ಮುಂದೆ ಕೂತು ಇದೇ ಮಾತು ಆಡಿದವರೇ. ಅದು ಸೌಜನ್ಯ ನಿಜ. ಆದರೆ ಆ ಸೌಜನ್ಯದಿಂದ ಅವನ ಮುಂದಿನ ಸುರುಳಿ ಒಂದಿಷ್ಟೂ ಸುಧಾರಿಸಲಿಲ್ಲ.

ಈ ಕೊರತೆಯನ್ನು ಬಲ್ಲವರು 1926ರಲ್ಲಿ ನ್ಯೂಯಾರ್ಕಿನಲ್ಲಿ ಅಮೆಚೂರ್ ಸಿನಿಮಾ ಲೀಗ್ ಎಂಬ ಸಂಘ ಕಟ್ಟಿದರು. ಹಿರಂ ಪರ್ಸಿ ಮ್ಯಾಕ್ಸಿಮ್ ಅದರ ಮೊದಲ ಅಧ್ಯಕ್ಷರು. ಅದೇ ಡಿಸೆಂಬರಿನಲ್ಲಿ ಪತ್ರಿಕೆಯೂ ಹೊರಟಿತು. ಸದಸ್ಯರು ತಮ್ಮ ಚಿತ್ರಗಳನ್ನು ಸಂಘಕ್ಕೆ ಕಳುಹಿಸಿದರೆ ತಿಳಿದವರು ನೋಡಿ ವಿಮರ್ಶೆ ಬರೆದು ಕಳುಹಿಸುತ್ತಿದ್ದರು. ‘ಪಾಪ, ಹವ್ಯಾಸಿ, ಬಿಟ್ಟುಬಿಡೋಣ’ ಎನ್ನದೆ ಅವನ ಕೆಲಸವನ್ನು ಕೆಲಸವೆಂದೇ ಎಣಿಸಿ ಮಾತಾಡಿದ್ದು ಬೆನ್ನು ತಟ್ಟುವುದಕ್ಕಿಂತ ದೊಡ್ಡ ಮರ್ಯಾದೆ ಎಂದು ನಮ್ಮ ಭಾವನೆ.

ಹವ್ಯಾಸಿಯ ಕೆಲಸಕ್ಕೆ ಸಲ್ಲುವ ಈ ಮರ್ಯಾದೆ ಅವನು ಬರೆಯುವ ಓಲೆಗೂ ಸಲ್ಲಬೇಡವೇ? ಇಲ್ಲೇ ತೊಡಕು. ಹೊಸಬನಿಗೆ ಕ್ಯಾಮರಾ ಹಿಡಿಯುವ ಪಾಠ ಬೇಕು, ಪಳಗಿದವನಿಗೆ ಧ್ವನಿ ಜೋಡಿಸುವ ವಿದ್ಯೆ ಬೇಕು. ಒಬ್ಬರ ಪುಟ ಹೆಚ್ಚಾದರೆ ಇನ್ನೊಬ್ಬರದು ಕಡಮೆ. ಈ ಪೈಕಿ ನಮ್ಮ ಮನಸ್ಸನ್ನು ಹೆಚ್ಚು ಕಾಡುವವರು 9.5ರವರು. ಅವರ ಫಿಲ್ಮಿನಲ್ಲಿ ತೂತುಗಳು ಅಂಚಿನಲ್ಲಿಲ್ಲ, ಒಂದು ಚಿತ್ರಕ್ಕೂ ಮುಂದಿನ ಚಿತ್ರಕ್ಕೂ ನಡುವೆ. ಆದ್ದರಿಂದ ಅಗಲವೆಲ್ಲ ಚಿತ್ರಕ್ಕೇ ಸಿಗುತ್ತದೆ; ಅದು 8ರ ಚಿತ್ರಕ್ಕಿಂತ ಎಷ್ಟೋ ದೊಡ್ಡದು. ಆದರೆ ಯಂತ್ರದ ಹಲ್ಲು ತಪ್ಪಿತೆಂದರೆ ಗಾಯವೂ ಚಿತ್ರದ ನಡುವೆಯೇ. 8 ಮಿಲಿಮೀಟರ್ ಹರಡಿದಂತೆ ಇವರ ಸಂಖ್ಯೆ ಕರಗಿತು. ಎಣಿಕೆಯನ್ನೇ ನಂಬಿದ ಸಂಪಾದಕ ಇವರ ಪುಟವನ್ನು ಕಿತ್ತುಹಾಕಬೇಕು.

ಎಣಿಕೆಯ ಪಕ್ಷದಲ್ಲೂ ನ್ಯಾಯವುಂಟು. ಚಂದಾ ಎಲ್ಲರಿಗೂ ಒಂದೇ, ಕಾಗದದ ಬೆಲೆ ಯಾರನ್ನೂ ಬಿಟ್ಟದ್ದಲ್ಲ. ಆದರೆ 8ರವನಿಗೆ ಒಂದು ಪುಟ ಹೋದರೆ ಹತ್ತರಲ್ಲಿ ಒಂದು ಹೋಯಿತು, 9.5ರವನಿಗೆ ಇದ್ದ ಒಂದೇ ಹೋಯಿತು. ಇವೆರಡನ್ನೂ ಒಂದೊಂದು ಮತವೆಂದು ಲೆಕ್ಕ ಹಿಡಿಯುವುದು ಗಣಿತವಾದೀತು, ನ್ಯಾಯವಾಗದು. ಹೊರನಾಡಿನಲ್ಲಿ ನೆಲೆಸಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳ ಸಂಖ್ಯೆ ಸಾಲದೆಂದು ಕನ್ನಡದ ತರಗತಿ ಮುಚ್ಚುವಾಗ ಹೇಳುವ ಮಾತೂ ಎಣಿಕೆಯ ಮಾತೇ.

ಹಾಗೆಂದು ಅಲ್ಪಸಂಖ್ಯಾತರ ಓಲೆಯೆಲ್ಲ ತೂಕದ್ದೆಂದು ನಾವು ಹೇಳುತ್ತಿಲ್ಲ. ‘ನಮಗೆ ಜಾಗ ಕೊಡಿ’ ಎನ್ನುವುದು ಬೇಡಿಕೆ, ಅಷ್ಟೇ. ತೂಕ ಬರುವುದು ಬರೆದವನು ತಾನು ಕಂಡದ್ದನ್ನು ಕೊಟ್ಟಾಗ. ಹಳೆಯ 8ರ ಫಿಲ್ಮು 16ರಷ್ಟೇ ಅಗಲವಿದ್ದು, ಅರ್ಧ ಭಾಗದಲ್ಲಿ ಚಿತ್ರ ತೆಗೆದ ಮೇಲೆ ಸುರುಳಿ ಮಗುಚಿ ಉಳಿದರ್ಧದಲ್ಲಿ ತೆಗೆಯಬೇಕಿತ್ತು. ತೊಳೆದ ನಂತರ ಸೀಳಿ ಜೋಡಿಸುತ್ತಿದ್ದರು. ತೆಗೆದಾದ ಸುರುಳಿಯನ್ನು ಮರೆತು ಮತ್ತೆ ಓಡಿಸಿದವನ ಚಿತ್ರದಲ್ಲಿ ಮದುಮಗಳ ಮುಖದ ಮೇಲೆ ಸಮುದ್ರದ ತೆರೆ! ಅಂಥವನೊಬ್ಬ ನಾಚಿಕೆ ಬಿಟ್ಟು ಬರೆದ ಹತ್ತು ಸಾಲು ನೂರು ‘ಪತ್ರಿಕೆ ಸೊಗಸಾಗಿದೆ’ಗಳಿಗಿಂತ ಮೇಲು. ಬರೆಯದೆ ಸುಮ್ಮನಿರುವ ಓದುಗ ತಾನು ಯಾರಿಗೂ ಕೇಡು ಮಾಡಲಿಲ್ಲವೆಂದುಕೊಳ್ಳುತ್ತಾನೆ. ತನಗೆ ಗೊತ್ತಿದ್ದುದನ್ನು ಜೇಬಿನಲ್ಲೇ ಇಟ್ಟುಕೊಂಡ ಲೆಕ್ಕ ಅವನು ಹಾಕುವುದಿಲ್ಲ.

ಕಂಪನಿಗಳೂ ಎಣಿಸುತ್ತವೆ, ಅವಕ್ಕೆ ಅದೇ ಧರ್ಮ. 2005ರಲ್ಲಿ ಕೊಡಾಕ್ ಸೂಪರ್ 8ರ ಕೊಡಾಕ್ರೋಮನ್ನು ನಿಲ್ಲಿಸಿತು. 2012ರಲ್ಲಿ ಎಕ್ಟಾಕ್ರೋಮ್ ಕೂಡ ನಿಲ್ಲುವುದೆಂದು ಸಾರಿತು. ಉಳಿದ ಕೆಲವರು ಮಾತ್ರ ಕೇಳುವುದನ್ನು ಬಿಡಲಿಲ್ಲ. 2018ರಲ್ಲಿ ಎಕ್ಟಾಕ್ರೋಮ್ ಮರಳಿ ಬಂತು, ಸೂಪರ್ 8ರ ಕಾರ್ಟ್ರಿಜ್‌ನಲ್ಲೂ ಬಂತು. 9.5ರವರಿಗೆ ಅಂಥ ಅದೃಷ್ಟ ಒದಗಲಿಲ್ಲ. ಆದರೂ ಅಜ್ಜನ ಪೆಟ್ಟಿಗೆಯಲ್ಲಿ ಅಂಥ ಸುರುಳಿ ಸಿಕ್ಕವರು ಇಂದಿಗೂ ಇದ್ದಾರೆ. ನಡುವಿನ ತೂತು ಹರಿಯದಂತೆ ಅದನ್ನು ಓಡಿಸುವುದು ಹೇಗೆಂದು ಅವರು ಹಳೆಯ ಸಂಪುಟಗಳಲ್ಲಿ ಹುಡುಕಬೇಕು, ಆ ಪುಟವನ್ನು ಯಾರೂ ಕಿತ್ತುಹಾಕದಿದ್ದರೆ.