ಡ್ರೈವರನ್ನು ಕೊಂದವರು ಯಾರು?

1946ರಲ್ಲಿ ಹಾಲಿವುಡ್ಡಿನಿಂದ ‘ದ ಬಿಗ್ ಸ್ಲೀಪ್’ ಎಂಬ ಪತ್ತೇದಾರಿ ಚಿತ್ರ ಬಂತು. ಹಂಫ್ರಿ ಬೋಗಾರ್ಟ್ ನಾಯಕ. ಅದರಲ್ಲಿ ಶ್ರೀಮಂತ ಜನರಲ್ಲನ ಮನೆಯ ಡ್ರೈವರು ನೀರಿಗೆ ಬಿದ್ದ ಕಾರಿನೊಳಗೆ ಹೆಣವಾಗಿ ಸಿಗುತ್ತಾನೆ. ಕೊಂದವರು ಯಾರು? ಚಿತ್ರ ಖಚಿತವಾಗಿ ಹೇಳುವುದಿಲ್ಲ. ಚಿತ್ರ ಮಾಡುವವರು ಕಾದಂಬರಿ ಬರೆದ ರೇಮಂಡ್ ಚಾಂಡ್ಲರನನ್ನೇ ಕೇಳಿದರು. ಅವನಿಗೂ ಗೊತ್ತಿರಲಿಲ್ಲ!

ಅಂದಿನ ಕೆಲವು ವಿಮರ್ಶಕರು ಕಥೆ ಗೋಜಲು ಎಂದು ಗೊಣಗಿದರು. ಆಮೇಲಿನವರಿಗೆ ಆ ಗೋಜಲೇ ಸೊಗಸಾಯಿತು. ಡ್ರೈವರನ ಸಾವು ನಗುತ್ತಾ ಹೇಳುವ ಮಾತಾಯಿತು. 1997ರಲ್ಲಿ ಅಮೆರಿಕ ಈ ಚಿತ್ರವನ್ನು ತನ್ನ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿಕೊಂಡಿತು.

ಲೋಕವೇ ಕತ್ತಲು, ಎಲ್ಲಕ್ಕೂ ಉತ್ತರ ಸಿಗೋದಿಲ್ಲ, ಹಾಗೇ ತೋರಿಸುವುದೇ ಪ್ರಾಮಾಣಿಕತೆ ಅಂತಾರೆ. ಒಪ್ಪೋಣ. ಆದರೆ ಜನರಲ್ಲನ ಹೆಣ್ಣುಮಕ್ಕಳ ಗುಟ್ಟು ಕಾಯಲು ಪತ್ತೇದಾರ ಕೊನೆಯ ರೀಲಿನವರೆಗೂ ಓಡಾಡುತ್ತಾನಲ್ಲ? ಉತ್ತರವಿಲ್ಲದ ಕತ್ತಲು ಡ್ರೈವರನ ಪಾಲಿಗೇ ಯಾಕೆ ಬಂತು? ಯಾರ ಸಾವನ್ನು ಮರೆತರೂ ಕಥೆ ನಡೆಯುತ್ತದೆ ಎಂಬುದು ಕಲೆಯ ಪ್ರಶ್ನೆಯಷ್ಟೇ ಅಲ್ಲ, ನೀತಿಯ ಪ್ರಶ್ನೆ.

ಕನ್ನಡದಲ್ಲಿ 1985ರಲ್ಲಿ ಶಂಕರ್ ನಾಗ್ ‘ಆಕ್ಸಿಡೆಂಟ್’ ಮಾಡಿದರು. ಬೆಂಗಳೂರಿನ ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ರಾಜಕಾರಣಿಯ ಮಗನ ಗಾಡಿ ಹರಿಯುತ್ತದೆ. ಅಪ್ಪನ ಹೆಸರು ಧರ್ಮಾಧಿಕಾರಿ! ಕೊಂದವನು ಯಾರೆಂದು ನಮಗೆ ಮೊದಲೇ ಗೊತ್ತು. ಅವನನ್ನು ಉಳಿಸುವವರು ಯಾರ್‍ಯಾರು ಅನ್ನೋದೇ ಇಲ್ಲಿ ಪತ್ತೆಯಾಗಬೇಕು. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ‘ಇತರ ಸಾಮಾಜಿಕ ಸಮಸ್ಯೆ’ಗಳ ವಿಭಾಗದಲ್ಲಿ. ಈ ಹಣೆಪಟ್ಟಿ ನೋಡಿ: ಉಳ್ಳವರ ಮನೆಯ ಸಾವು ರಹಸ್ಯ, ಕೂಲಿಯವನ ಸಾವು ಸಮಸ್ಯೆ. ರಹಸ್ಯಕ್ಕಾದರೆ ಅಪರಾಧಿ ಸಿಗಲೇಬೇಕು. ಸಮಸ್ಯೆಗೆ ಮರುಕ ಸಾಕು.

ಹೊಸಪೇಟೆ–ಸಂಡೂರು ದಾರಿಯಲ್ಲಿ ಅದಿರು ಲಾರಿಗಳು ಸಾಲುಗಟ್ಟಿದ ವರ್ಷಗಳನ್ನು ನೆನೆಯಿರಿ. ಅಕ್ರಮ ಗಣಿಗಾರಿಕೆಯಿಂದ ಸರ್ಕಾರಕ್ಕಾದ ನಷ್ಟವನ್ನು 2011ರ ಲೋಕಾಯುಕ್ತ ವರದಿ 16 ಸಾವಿರ ಕೋಟಿ ರೂಪಾಯಿಗೂ ಮೀರಿ ಲೆಕ್ಕ ಹಾಕಿತು. ಲಾರಿ ಉರುಳಿ ಸತ್ತ ಡ್ರೈವರು, ಕ್ಲೀನರುಗಳ ಲೆಕ್ಕ? ಪೇಪರಿನ ಮೂಲೆಯಲ್ಲಿ ಎರಡು ಸಾಲು: ಲಾರಿ ಪಲ್ಟಿ, ಚಾಲಕನ ಅಜಾಗರೂಕತೆ ಕಾರಣ. ಸತ್ತವನೇ ಅಪರಾಧಿ, ಕೇಸು ಮುಗೀತು. ನಿದ್ದೆಗೆಟ್ಟವನನ್ನು ಇನ್ನೊಂದು ಟ್ರಿಪ್ಪಿಗೆ ಅಟ್ಟಿದವರು ಯಾರು? ಮಿತಿ ಮೀರಿ ಲೋಡು ತುಂಬಿಸಿದವರು ಯಾರು?

ಕಂಪ್ಲಿಯ ಮೇಷ್ಟ್ರೇ, ಹೊಸಪೇಟೆಯ ಗೆಳೆಯರೇ, ಪತ್ತೇದಾರಿ ಸಿನಿಮಾ ಖುಷಿಯಿಂದ ನೋಡಿ. ಆದರೆ ಕೊಲೆಗಾರ ಯಾರು ಅಂತ ಕೇಳಿ ಸುಮ್ಮನಾಗಬೇಡಿ. ಯಾವ ಹೆಣವನ್ನು ಕಥೆ ಲೆಕ್ಕಕ್ಕೇ ತಗೊಳ್ಳಲಿಲ್ಲ ಅಂತಲೂ ಕೇಳಿ. ಪೇಪರು ಓದುವಾಗಲೂ ಅದನ್ನೇ ಕೇಳಿ.