ಪೇಟ ತೊಡಿಸಿದ ಮೇಲೆ

ನಮ್ಮ ಮೈಸೂರಿನಲ್ಲಿ ಯಾರನ್ನಾದರೂ ಗೌರವಿಸಬೇಕೆಂದರೆ ತಲೆಗೆ ಪೇಟ, ಹೆಗಲಿಗೆ ಶಾಲು, ಕೈಗೊಂದು ಹಣ್ಣಿನ ಬುಟ್ಟಿ. ಮಹಿಳಾ ದಿನ ಬಂತೆಂದರೆ ಒಬ್ಬ ಸಾಧಕಿಯನ್ನು ಹುಡುಕಿ ವೇದಿಕೆಗೆ ಕರೆಯುತ್ತೇವೆ. ಹೆಣ್ಣು ಮನಸ್ಸು ಮಾಡಿದರೆ ಏನು ಬೇಕಾದರೂ ಸಾಧಿಸಬಲ್ಲಳು ಎಂದು ಭಾಷಣ ಮಾಡಿ ಮನೆಗೆ ಹೋಗುತ್ತೇವೆ. ಕೇಳಲು ಹಿತವಾದ ಮಾತು. ಆದರೆ ಸಾಧಿಸದೆ ಉಳಿದವರೆಲ್ಲ ಮನಸ್ಸು ಮಾಡಲಿಲ್ಲ ಎಂಬ ಆರೋಪವೂ ಅದರೊಳಗೆ ಅಡಗಿದೆಯಲ್ಲವೇ?

ಖಭೌತ ವಿಜ್ಞಾನಿ ಡಾ. ಪ್ರಜ್ವಲ್ ಶಾಸ್ತ್ರಿಯವರ ಕೆಲಸವನ್ನು ನೋಡಿದಾಗ ಈ ಪ್ರಶ್ನೆ ನಮ್ಮನ್ನು ಕಾಡುತ್ತದೆ. ಮಂಗಳೂರು ಮೂಲದ ಅವರು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯಲ್ಲಿದ್ದು ಅಧ್ಯಯನ ಮಾಡಿದ್ದು ಗೆಲಾಕ್ಸಿಗಳ ನಡುವಿನ ಬೃಹತ್ ಕಪ್ಪುರಂಧ್ರಗಳನ್ನು. ಕಪ್ಪುರಂಧ್ರದಿಂದ ಬೆಳಕೂ ಹೊರಬರಲಾರದು. ಅದು ಇದೆಯೆಂದು ತಿಳಿಯುವುದು ಸುತ್ತಲಿನ ವಸ್ತುಗಳ ವರ್ತನೆಯಿಂದ. ನಮ್ಮ ಆಕಾಶಗಂಗೆಯ ನಡುವಿನದು ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ್ದೆಂದು ಗೊತ್ತಾದದ್ದು ಅದರ ಸುತ್ತ ನಕ್ಷತ್ರಗಳು ಓಡುವ ವೇಗದಿಂದ. ಕೆಲವು ಗೆಲಾಕ್ಸಿಗಳಲ್ಲಿ ಒಳಬೀಳುವ ಅನಿಲ ವಿಪರೀತ ಕಾದು ಪ್ರಜ್ವಲಿಸುತ್ತದೆ. ರೇಡಿಯೋ ಅಲೆಯಿಂದ ಎಕ್ಸ್‌-ಕಿರಣದವರೆಗಿನ ಆ ಬೆಳಕನ್ನು ಓದುವುದೇ ಶಾಸ್ತ್ರಿಯವರ ವಿಷಯ.

ಸಮಾಜವನ್ನೂ ಹೀಗೆಯೇ ಓದಬಾರದೇಕೆ? ಸಂಜೆ ಇಲ್ಲಿನ ಮಹಾರಾಣಿ ವಿಜ್ಞಾನ ಕಾಲೇಜಿನಿಂದ ಹೊರಬರುವ ಹುಡುಗಿಯರನ್ನು ನೋಡಿ. ವಿಜ್ಞಾನ ಓದುವ ಹೆಣ್ಣುಮಕ್ಕಳಿಗೇನೂ ಕೊರತೆಯಿಲ್ಲ. ದೇಶದ ಭೌತವಿಜ್ಞಾನ ಸಂಸ್ಥೆಗಳಲ್ಲಿ ಮೇಲೆ ಹೋದಂತೆ ಮಾತ್ರ ಅವರ ಸಂಖ್ಯೆ ಕರಗುತ್ತದೆ. 'ಬರಬೇಡಿ' ಎಂದು ಯಾರೂ ಬೋರ್ಡು ಹಾಕಿಲ್ಲ. ಆದರೆ ಕತ್ತಲಾಗುವ ಮುಂಚೆ ಮನೆ ಸೇರಬೇಕಾದವಳು ರಾತ್ರಿಯಿಡೀ ದೂರದರ್ಶಕದ ಬಳಿ ಕೂರುವುದೆಂತು? ಮದುವೆಗೆ ಮುಂಚೆ ಪಿಎಚ್‌.ಡಿ. ಏಕೆ ಎನ್ನುವವರೂ ನಾವೇ, ಭೌತಶಾಸ್ತ್ರ ಹೆಣ್ಣಿಗೆ ಒಗ್ಗದು ಎನ್ನುವವರೂ ನಾವೇ!

ಸತ್ಯಕ್ಕೆ ಗಂಡುಹೆಣ್ಣಿಲ್ಲ, ಯಾರು ಕಂಡುಹಿಡಿದರೇನು ಎನ್ನುವವರಿದ್ದಾರೆ. ಸತ್ಯಕ್ಕಿಲ್ಲ, ಒಪ್ಪೋಣ. ಮನ್ನಣೆಗೆ? 1967ರಲ್ಲಿ ಪಲ್ಸಾರನ್ನು ಮೊದಲು ಗುರುತಿಸಿದ್ದು ಜೋಸ್ಲಿನ್ ಬೆಲ್ ಎಂಬ ವಿದ್ಯಾರ್ಥಿನಿ. 1974ರಲ್ಲಿ ನೊಬೆಲ್ ಸಂದದ್ದು ಅವರ ಮಾರ್ಗದರ್ಶಕರಿಗೆ.

ಶಾಸ್ತ್ರಿಯವರು ತಮ್ಮ ಸಾಧನೆಯನ್ನಷ್ಟೇ ತೋರಿಸಿ ಸುಮ್ಮನಿರಬಹುದಿತ್ತು. ಬದಲಿಗೆ ಭಾರತೀಯ ಭೌತವಿಜ್ಞಾನ ಸಂಘದಲ್ಲಿ ಲಿಂಗ ಸಮಾನತೆಗಾಗಿ ಕಾರ್ಯತಂಡವೊಂದನ್ನು ಕಟ್ಟಿದರು. ಆ ತಂಡ 2019ರಲ್ಲಿ ಹೈದರಾಬಾದಿನಲ್ಲಿ ನಡೆಸಿದ ಸಮ್ಮೇಳನದ ಫಲವಾಗಿ ಒಂದು ಸನ್ನದು ಹೊರಬಂತು. ಹುಡುಗಿಯರಿಗೆ ಧೈರ್ಯ ಹೇಳುವುದಿರಲಿ, ಸಂಸ್ಥೆಗಳು ತಮ್ಮ ನಡವಳಿಕೆಯನ್ನು ತಿದ್ದಿಕೊಳ್ಳಲಿ ಎಂಬುದು ಅದರ ಧಾಟಿ.

ಮುಂದಿನ ಮಾರ್ಚಿನಲ್ಲಿ ಪೇಟ ತೊಡಿಸಿದ ಮೇಲೆ, ತಮ್ಮ ಜೊತೆ ಬಿ.ಎಸ್ಸಿ. ತರಗತಿಯಲ್ಲಿ ಕೂತಿದ್ದ ಉಳಿದ ಹುಡುಗಿಯರು ಎಲ್ಲಿಗೆ ಹೋದರೆಂದು ಸಾಧಕಿಯನ್ನೇ ಕೇಳೋಣ. ಉತ್ತರ ಮುಗಿಯುವತನಕ ಯಾರೂ ವಂದನಾರ್ಪಣೆಗೆ ಅವಸರ ಮಾಡುವುದು ಬೇಡ.