ಉಸಿರಿಗೂ ಒಂದು ತಕ್ಕಡಿ

ತೂಕ ಅಳತೆಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ನಮ್ಮ ಆಚಾರ್ಯರು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿದ್ದಾರೆ. ಅಳೆಯಬೇಕಾದುದನ್ನು ಅಳೆಯದೆಯೇ ಬಿಡುವುದು ನಿರ್ದೋಷವೇ ಎಂಬುದು ಇಲ್ಲಿಯ ಜಿಜ್ಞಾಸೆ.

ಕಾಸರಗೋಡಿನ ಗೇರುತೋಟಗಳ ಮೇಲೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. 2000ದಲ್ಲಿ ಅದು ನಿಂತಿತು. 2001ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆ ಗ್ರಾಮದ ಮಕ್ಕಳ ರಕ್ತವನ್ನು ಪರೀಕ್ಷಿಸಿದಾಗಲೂ ಆ ವಿಷದ ಶೇಷ ಕಂಡಿತು. ತೋಟಕ್ಕೆ ಎಷ್ಟು ಲೀಟರ್ ಹೋಯಿತೆಂಬುದಕ್ಕೆ ಲೆಕ್ಕವಿರುತ್ತದೆ; ಪಕ್ಕದ ಮನೆಯ ಕೂಸು ಎಷ್ಟನ್ನು ಉಸಿರಾಡಿತೆಂಬುದು ಯಾವ ಖಾತೆಗೂ ಏರುವುದಿಲ್ಲ.

ಈ ಅಳತೆ ಅಸಾಧ್ಯವೇನಲ್ಲ. ಕೊರಳಪಟ್ಟಿಯ ಬಳಿ ಸಣ್ಣ ನಳಿಕೆ ಸಿಕ್ಕಿಸಿ, ಸೊಂಟದ ಪಂಪಿನಿಂದ ಗಾಳಿ ಸೆಳೆದು, ನಳಿಕೆಯಲ್ಲಿ ಉಳಿದ ವಿಷವನ್ನು ಪ್ರಯೋಗಾಲಯದಲ್ಲಿ ಅಳೆಯುತ್ತಾರೆ. ಅಮೆರಿಕದ ಆರೆಗಾನ್ ರಾಜ್ಯ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ವಿಧಾನಕ್ಕೆ ಪಂಪೂ ಬೇಡ. ಮಣಿಕಟ್ಟಿಗೆ ಧರಿಸಿದ ಸಿಲಿಕೋನ್ ಪಟ್ಟಿಯೇ ಸುತ್ತಲಿನ ರಾಸಾಯನಿಕಗಳನ್ನು ಹೀರಿಕೊಳ್ಳುತ್ತದೆ.

ಗೃಹಸ್ಥನಿಗೆ ಉದ್ಯೋಗಿ ಹಿಂಸೆಯನ್ನು ಪೂರ್ಣವಾಗಿ ತಪ್ಪಿಸಲಾಗದು, ನಿಜ. ಆದರೆ ಆ ವಿನಾಯಿತಿ ಎಚ್ಚರವುಳ್ಳವನಿಗೆ, ಪ್ರಮತ್ತನಿಗಲ್ಲ. ತಿಳಿಯುವ ಸಾಧನವಿದ್ದೂ ತಿಳಿಯದಿರುವುದು ಅಜ್ಞಾನವಲ್ಲ, ಪ್ರಮಾದ. ಅಂಗಡಿಯಲ್ಲಿ ತಕ್ಕಡಿ ಇರಿಸುವ ಹೊಣೆ ಮಾರುವವನದು, ಕೊಳ್ಳುವವನದಲ್ಲ. ಹಾಗೆಯೇ ಗಾಳಿಗೆ ವಿಷ ಬೆರೆಸುವವನೇ ನೆರೆಯವರ ಉಸಿರನ್ನು ಅಳೆಯಿಸಬೇಕು. ರೋಗಿಯು ತನ್ನ ರೋಗಕ್ಕೆ ಸಾಕ್ಷಿ ಹುಡುಕುತ್ತ ಅಲೆಯುವಂತಾಗಬಾರದು. ತೋಟವುಳ್ಳ ಶ್ರಾವಕರೂ ಜಮೀನುಳ್ಳ ಬಸದಿಗಳ ಆಡಳಿತ ಮಂಡಳಿಗಳೂ ಕೀಟನಾಶಕದ ಖರ್ಚು ಬರೆಯುವ ಪುಟದಲ್ಲಿಯೇ ಈ ಲೆಕ್ಕವನ್ನೂ ಬರೆಯುವಂತಾಗಲಿ.